ಬಿಡುವಿನ ಕಾಗದ

ನನ್ನ ತಂಗಿಗೆ ಸಾಲದ ಕಂತಿನಿಂದ ಮೂರು ತಿಂಗಳ ಬಿಡುವು ಕೊಟ್ಟವರು, ಆ ಮೂರು ತಿಂಗಳೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಹೇಳಲಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದು ವಿವರ, ವಿವರಗಳನ್ನು ಮರೆಯುವ ಅಭ್ಯಾಸ ನನಗಿಲ್ಲ.

ಹೋದ ವಾರ ಅದೇ ಸಂಸ್ಥೆಯಿಂದ ಅವಳ ಮೊಬೈಲಿಗೆ ಸಂದೇಶ ಬಂದಿತು. ಕಷ್ಟಕಾಲದಲ್ಲಿ ನಿಮ್ಮೊಂದಿಗಿದ್ದೇವೆ, ಕಂತಿಗೆ ಮತ್ತೊಮ್ಮೆ ವಿರಾಮ ಪಡೆಯಿರಿ ಎಂದು ಅದರ ಒಕ್ಕಣೆ. ಕಷ್ಟವೇನೋ ನಿಜ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಶಾಂತಾ ಖಾನಾವಳಿ ನಡೆಸುತ್ತಾಳೆ. ಚರಂಡಿಗೆಂದು ಬಾಗಿಲ ಮುಂದೆಯೇ ಅಗೆದು ತಿಂಗಳಾಯಿತು; ಹಲಗೆ ದಾಟಿ ಊಟಕ್ಕೆ ಬರುವವರು ಕಡಿಮೆ. ಸಂದೇಶವನ್ನು ಕೊಟ್ಟೂರಿನಲ್ಲಿರುವ ನನಗೆ ಕಳಿಸಿ, ಕೆಳಗೆ ಬರೆದಿದ್ದಳು: "ಅಕ್ಕಾ, ಇದನ್ನಾದ್ರೂ ಓದು."

ಈ ಚುಚ್ಚುಮಾತಿನ ಮೂಲವನ್ನು ನಿಮಗೆ ಹೇಳಲೇಬೇಕು. ಗಂಡನ ಚಿಕಿತ್ಸೆಗೆ ದಾವಣಗೆರೆಯಲ್ಲಿ ಹಣ ಸಾಲದೆ ಶಾಂತಾ ಈ ವೈಯಕ್ತಿಕ ಸಾಲ ತೆಗೆದಿದ್ದಳು. ಅವನು ಬದುಕಲಿಲ್ಲ. ತೀರಿಕೊಂಡ ಮೂರನೆಯ ದಿನ ಸಂಸ್ಥೆಯ ತರುಣ ಅಧಿಕಾರಿ ಮನೆಗೆ ಬಂದ. ಚಪ್ಪಲಿಯನ್ನು ಅಂಗಳದಾಚೆ ಬಿಟ್ಟ, ಕೊಟ್ಟ ನೀರನ್ನು ಕೈಮುಗಿದು ಬೇಡವೆಂದ. ಸಾವಿನ ಮನೆಯ ರೀತಿ ತಿಳಿದವನು ಎಂದು ನನಗೆ ಸಮಾಧಾನವಾಯಿತು.

ನಮ್ಮ ಕಡೆ ದಿನದ ಕಾರ್ಯ ಮುಗಿಯುವವರೆಗೆ ಅಂಥ ಮನೆಯಲ್ಲಿ ಯಾರೂ ಬಾಕಿ ಕೇಳುವುದಿಲ್ಲ. ಹಾಲಿನ ಹನುಮಕ್ಕ ಆ ದಿನಗಳ ಹಾಲನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆಮೇಲೆ ಕೊಡಲು ಹೋದರೆ ಬೈದು ಕಳಿಸಿದಳು. ಅಧಿಕಾರಿಯ ಬಿಡುವೂ ಅದೇ ಜಾತಿಯದೆಂದು ನಾವಿಬ್ಬರೂ ತಿಳಿದೆವು.

"ಅಕ್ಕಾರ, ಮೂರು ತಿಂಗಳು ಕಂತಿನ ಚಿಂತಿ ಬಿಡ್ರಿ. ಇಲ್ಲೊಂದು ಸಹಿ ಹಾಕಿದ್ರ ಸಾಕು," ಎಂದ.

ಶಾಂತಾ ನನ್ನ ಮುಖ ನೋಡಿದಳು. "ಓದಿ ನೋಡ್ತಿಯೇನಕ್ಕಾ?"

"ಹಾಕು ಹಾಕು, ಮಂದಿ ಕುಂತಾರ," ಎಂದೆ.

ಮೂವತ್ತು ವರ್ಷ ಗಣಿತ ಕಲಿಸಿದ ನಾನು, ಬೆಂಕಿಪೊಟ್ಟಣದ ಮೇಲಿನ ಅಕ್ಷರವನ್ನೂ ಬಿಡದ ನಾನು, ಅಳುವವರ ನಡುವೆ ಕನ್ನಡಕ ಏರಿಸಿ ಕಾಗದ ಓದುವುದು ಸಭ್ಯತೆಯಲ್ಲವೆಂದು ಅದನ್ನು ಓದದೆ ಬಿಟ್ಟೆ.

ಕೊನೆಯ ಕಂತು ಕಟ್ಟಿದೆನೆಂದು ಶಾಂತಾ ಮೊನ್ನೆ ಮೊನ್ನೆ ಪೇಡೆ ಹಂಚಿದಳು. ಪಕ್ಕದ ಖಾಲಿ ಕೋಣೆಯನ್ನು ಬಾಡಿಗೆಗೆ ಹಿಡಿದು ಇನ್ನೊಂದು ರೊಟ್ಟಿಯ ಒಲೆ ಹೂಡುವುದೆಂದು ಮುಂಗಡವನ್ನೂ ಹೊಂದಿಸಿಟ್ಟಿದ್ದಳು. ಸಾಲ ತೀರಿದ ಪತ್ರ ಕೇಳಲು ಹೋದಾಗ, ನಿಲ್ಲಿಸಿದ್ದ ಮೂರು ಕಂತುಗಳೂ ಬಡ್ಡಿಯೇ ಬೆಳೆದು ಆದ ಇನ್ನೊಂದು ಕಂತೂ ಎದುರಿಗೆ ಬಂದವು. ನಾನು ಜಗಳಕ್ಕೆ ನಿಂತೆ. ಸಾವಿನ ಮನೆಯಲ್ಲಿ ನಮ್ಮನ್ನು ಅಕ್ಕಾರ ಎಂದಿದ್ದವನು ಕಚೇರಿಯಲ್ಲಿ ತಲೆಯೆತ್ತದೆ ನುಡಿದ: "ಎರಡನೇ ಪುಟದಾಗ ಐತಿ, ಅಜ್ಜಿ. ನೀವು ಓದ್ಲಿಲ್ಲಂದ್ರ ನಾ ಏನ್ ಮಾಡ್ಲಿ?"

ಪುಟ ತಿರುಗಿಸಿದೆ. ಇತ್ತು. ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ.

ಮುಂಗಡದ ಹಣ ಎರಡು ಕಂತಿಗೆ ಹೋಯಿತು, ಇನ್ನೆರಡು ಉಳಿದಿವೆ. ಆ ಕೋಣೆಯಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಆ ದಿನ ಕಚೇರಿಯಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಶಾಂತಾ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಅರ್ಧ ಮಾರ್ಕಿಗೆ ಹುಡುಗರ ಪೇಪರ್ ಮೂರು ಸಲ ಓದ್ತಿದ್ದಿ. ನನ್ನ ಕಾಗದ ಒಂದು ಸಲ ಓದಲಿಲ್ಲ ನೋಡು." ಆ ಅಧಿಕಾರಿ ಮೂರನೆಯ ದಿನವನ್ನೇ ಆರಿಸಿಕೊಂಡು ಬಂದನೇ ಎಂಬ ಅನುಮಾನ ನನ್ನಲ್ಲಿ ಹುಟ್ಟಿದ್ದು ಆ ಬಸ್ಸಿನಲ್ಲಿಯೇ.

ಆದ್ದರಿಂದ ಈ ಸಲ ಸಂದೇಶವನ್ನು ನಾಲ್ಕು ಬಾರಿ ಓದಿದೆ. ಬಡ್ಡಿಯ ಮಾತು ಎಲ್ಲಿಯೂ ಇಲ್ಲ. ಫೋನಿನಲ್ಲಿ ಅಕ್ಷರ ಬಿಡದೆ ಶಾಂತಾಳಿಗೆ ಓದಿ ಹೇಳಿ, ಸಂಸ್ಥೆಗೆ ಬರೆದು ಕೇಳುತ್ತೇನೆ, ಉತ್ತರ ಬರುವವರೆಗೆ ಏನನ್ನೂ ಒತ್ತಬೇಡ ಎಂದೆ. ಮರುದಿನವೇ ವ್ಯವಸ್ಥಾಪಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸಿದೆ. ಕೇಳಿದ್ದು ಒಂದೇ ಅಂಕಿ: ಈ ಬಿಡುವು ಪಡೆದರೆ ಅವಳು ಕೊನೆಗೆ ಹೆಚ್ಚಿಗೆ ಕಟ್ಟಬೇಕಾದದ್ದು ಎಷ್ಟು? ಕಾಗದ ಮುಟ್ಟಿದ ಸಹಿ ನನ್ನ ಕೈಸೇರಿದೆ, ಉತ್ತರ ಸೇರಿಲ್ಲ.

"ಬಂತೇನಕ್ಕಾ?" ಎಂದು ದಿನವೂ ಕೇಳುವ ಶಾಂತಾ ಇವತ್ತು "ಕಂತಿನ ತಾರೀಖು ನಾಡಿದ್ದೈತಿ" ಎಂದೂ ಸೇರಿಸಿದಳು. ನನ್ನನ್ನೇ ಕೇಳುತ್ತಾಳೆ ಎಂಬುದಷ್ಟೇ ನನಗೀಗ ಸಮಾಧಾನ.

ವ್ಯವಸ್ಥಾಪಕರೇ, ಕಂತು ಒಂದು ದಿನ ತಡವಾದರೆ ಬೆಳಿಗ್ಗೆ ಒಂಬತ್ತಕ್ಕೇ ಫೋನು ಮಾಡುವ ನೀವು, ಈ ಒಂದು ಅಂಕಿಯನ್ನು ಅವಳು ಒಪ್ಪಿಗೆ ಕೊಡುವ ಮೊದಲೇ ಹೇಳಲು ಏಕೆ ಹೆದರುತ್ತೀರಿ?