ಎತ್ತದೆ ಬಿಟ್ಟ ಫೋನು

ನಮ್ಮತ್ತೆ ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತರಾಗಿ ಹದಿನಾಲ್ಕು ವರ್ಷವಾದರೂ ಆ ಕೆಲಸ ಅವರನ್ನು ಬಿಟ್ಟಿಲ್ಲ. ಫೋನು ಬಡಿದುಕೊಂಡರೆ ಬಚ್ಚಲಿಂದ ಒದ್ದೆ ಕಾಲಲ್ಲೇ ಓಡಿಬರುತ್ತಾರೆ, ಮೂರನೆಯ ರಿಂಗಿನೊಳಗೆ ಎತ್ತಲೇಬೇಕು. ತಾವಾಗಿ ಲೈನ್ ಕಟ್ ಮಾಡಿದ್ದನ್ನು ನಾನು ಕಂಡಿಲ್ಲ. ಆ ಕಡೆಯವರು ಇಡುವವರೆಗೂ ಕಿವಿಗೊಟ್ಟು ಕೂತಿರುತ್ತಾರೆ. ಕೈಯಳತೆಯಲ್ಲಿ ಚೀಟಿ, ಪೆನ್ಸಿಲ್ ಇರುತ್ತವೆ, ಕರೆ ಬಂದ ಹೊತ್ತು, ಮಾತಾಡಿದವರ ಹೆಸರು ಬರೆದಿಡಲು. ವಿಮೆ ಮಾಡಿಸಿ ಎಂದು ಗಂಟುಬೀಳುವ ಹುಡುಗಿಯರೇ ಇವರ ತಾಳ್ಮೆಗೆ ಸುಸ್ತಾಗಿ ಫೋನಿಟ್ಟದ್ದುಂಟು. ಬೀದಿಯವರು ಇವರಿಗಿಟ್ಟ ಹೆಸರು ಹಲೋ ಅಮ್ಮ.

ಫೋನಿನಲ್ಲಿ ಪಳಗಿದ ಆ ದನಿಯೇ ಅವರಿಗೆ ಎರಡನೆಯ ಕೆಲಸ ತಂದುಕೊಟ್ಟಿತು. ಅಂಧ ಮಕ್ಕಳ ಶಾಲೆಯೊಂದಕ್ಕೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುತ್ತಾರೆ. ಬೀರುವಿಗೂ ಕಿಟಕಿಗೂ ನಡುವೆ ಹಳೆಯ ಕಂಪ್ಯೂಟರು. ಬೀದಿಯ ಸದ್ದು ಬರದಂತೆ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನು ಆರಿಸಿ, ಫೋನನ್ನು ನನ್ನ ಕೈಗೆ ಕೊಟ್ಟು, ಬೆವರು ಒರೆಸಿಕೊಳ್ಳುತ್ತ ಓದುತ್ತಾರೆ. ಚಿತ್ರ ಬಂದರೆ ಅದನ್ನೂ ಬಿಡುವುದಿಲ್ಲ. 'ಚಿತ್ರ ನೋಡಿ' ಎಂದು ಓದಿ ಮುಂದೆ ಹೋದರೆ ಆ ಮಕ್ಕಳು ಏನನ್ನು ನೋಡಬೇಕು ಎಂಬುದು ಅವರ ಪ್ರಶ್ನೆ. ಪುಸ್ತಕದ ಚಿತ್ರ ಮಸುಕಾಗಿದ್ದರೆ ಇಂಟರ್ನೆಟ್ಟಿನಲ್ಲಿ ಒಳ್ಳೆಯದೊಂದನ್ನು ಹುಡುಕಿ, ಕಣ್ತುಂಬ ನೋಡಿ, ಮಾತಿನಲ್ಲಿ ಬಿಡಿಸಿ ಹೇಳುತ್ತಾರೆ.

ನನ್ನ ಗಂಡನಿಗೆ ಈ ಇಂಟರ್ನೆಟ್ ಹುಡುಕಾಟವೇ ದಿಗಿಲು. ಹೋದ ವರ್ಷ ಇವರು 'ನಿಮಗೆ ಬಹುಮಾನ ಬಂದಿದೆ' ಎಂಬ ಜಾಹೀರಾತನ್ನು ಒತ್ತಿ, ಕಂಪ್ಯೂಟರನ್ನು ವಾರಗಟ್ಟಲೆ ರಿಪೇರಿಯವನ ಅಂಗಡಿಯಲ್ಲಿ ಮಲಗಿಸಿದ್ದರು. ಅಂದೇ ಅವನು ಅಮ್ಮನಿಗೆ ಹೇಳಿಬಿಟ್ಟಿದ್ದ: "ಇನ್ನೊಂದ್ಸಲ ಎಡವಟ್ಟಾದ್ರೆ ಇಂಟರ್ನೆಟ್ ಕನೆಕ್ಷನ್ನೇ ತೆಗೆಸ್ತೀನಮ್ಮ."

ಆವತ್ತು ಬೆಳಿಗ್ಗೆ ಹನ್ನೊಂದರ ಹೊತ್ತು. ಮಕ್ಕಳ ಪರೀಕ್ಷೆಗೆ ಹತ್ತು ದಿನ ಉಳಿದಿತ್ತು. ನಲವತ್ತೊಂದು ಪಾಠ ಮುಗಿದಿದ್ದವು, ಉಳಿದದ್ದು ಜೇನುಗೂಡಿನ ಪಾಠ ಒಂದೇ. ಅಷ್ಟೂ ಆ ಕಂಪ್ಯೂಟರಿನಲ್ಲೇ ಇದ್ದವು, ಬೇರೆಲ್ಲೂ ಪ್ರತಿ ಇರಲಿಲ್ಲ. ಅತ್ತೆ ಜೇನುಗೂಡಿನ ಚಿತ್ರ ಹುಡುಕುತ್ತಿದ್ದರು. ನಾನು ಹಜಾರದಲ್ಲಿ ಬಟ್ಟೆ ಮಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕೋಣೆಯಿಂದ ಸೈರನ್ ಕೂಗತೊಡಗಿತು.

ಓಡಿಹೋಗಿ ನೋಡಿದರೆ ಪರದೆ ಪೂರ್ತಿ ಕೆಂಪು. 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ. ಐದು ನಿಮಿಷದಲ್ಲಿ ಈ ನಂಬರಿಗೆ ಕರೆ ಮಾಡದಿದ್ದರೆ ಎಲ್ಲ ಫೈಲುಗಳೂ ಅಳಿಸಿಹೋಗುತ್ತವೆ. ಯಾವ ಕಾರಣಕ್ಕೂ ಆಫ್ ಮಾಡಬೇಡಿ.' ಕೆಳಗೆ ಸೆಕೆಂಡುಗಳು ಇಳಿಯುತ್ತಿದ್ದವು. ಅತ್ತೆ ಆಗಲೇ ಆ ನಂಬರಿಗೆ ಕರೆ ಮಾಡಿ, ಸ್ಪೀಕರ್ ಹಾಕಿ, ಚೀಟಿಯ ಮೇಲೆ ಹೊತ್ತು ಬರೆದುಕೊಂಡಿದ್ದರು.

"ಅತ್ತೆ, ಇದು ಮೋಸ, ಇಡಿ," ಎಂದೆ.

ಅವರು ಸುಮ್ಮನಿರು ಎಂಬಂತೆ ಕೈ ಎತ್ತಿದರು. "ನಲವತ್ತೊಂದು ಪಾಠ ಇದೆ ಕಣೇ ಅದರೊಳಗೆ." ಅವರ ಮುಖದಲ್ಲಿ ಅಂಥ ಹೆದರಿಕೆಯನ್ನು ನಾನು ಅದೇ ಮೊದಲು ಕಂಡದ್ದು. ಅವರ ಕೈಯಿಂದ ಫೋನು ಕಿತ್ತುಕೊಳ್ಳಲು ಮನಸ್ಸು ಬರಲಿಲ್ಲ.

ಆ ಕಡೆಯ ಗಂಡಸಿನ ದನಿ ಬೆಣ್ಣೆಯಂತಿತ್ತು. "ಏನೂ ಗಾಬರಿ ಆಗ್ಬೇಡಿ ಮೇಡಂ. ನಾನಿದೀನಿ. ಈಗ ನಿಮ್ಮ ಫೋನಿಗೆ ಆರು ಅಂಕಿ ಇರೋ ಒಂದು ಮೆಸೇಜ್ ಬಂದಿರತ್ತೆ. ಅದನ್ನ ನಂಗೆ ಓದಿ ಹೇಳಿ. ನಿಮ್ಮ ಫೈಲೆಲ್ಲ ಉಳಿಸಿಕೊಡ್ತೀನಿ."

ಬ್ಯಾಂಕಿನಿಂದ ಮೆಸೇಜು ಬಂದಿತ್ತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿದರು. ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಮುಚ್ಚಿತು.

"ಅದು ಹೇಳಕ್ಕಾಗಲ್ಲ," ಎಂದರು.

"ಯಾಕೆ ಮೇಡಂ?"

"ಇದು ಬೇರೆ ಲೈನಲ್ಲಿ ನಂಗೆ ಬಂದಿರೋ ಮಾತು. ಒಂದು ಲೈನಲ್ಲಿ ಬಂದಿದ್ದನ್ನ ಇನ್ನೊಂದು ಲೈನಿಗೆ ಹೇಳೋ ಹಾಗಿಲ್ಲ. ಮೂವತ್ತಮೂರು ವರ್ಷ ಹೇಳಿಲ್ಲ."

ಆತನಿಗೆ ತಲೆಬುಡ ತಿಳಿಯಲಿಲ್ಲ. ಗೋಗರೆದ, ಬೈದ, ಕೊನೆಗೆ ಬೆಣ್ಣೆಯೆಲ್ಲ ಕರಗಿ ಕಿರುಚತೊಡಗಿದ. ಪಾಪ, ಅವನೇ ಕೈಯಾರೆ ಕೆಡಿಸಿಕೊಂಡ. ಫೋನಿನಲ್ಲಿ ಕಿರುಚುವವರನ್ನು ನಮ್ಮತ್ತೆಯಷ್ಟು ಕಂಡವರು ಯಾರಿದ್ದಾರೆ? ಅವರ ಬೆನ್ನು ನೆಟ್ಟಗಾಯಿತು.

"ನಿಮ್ಮ ಹೆಸರು ಹೇಳಿ. ಯಾವ ಆಫೀಸು? ನಿಮ್ಮ ಮೇಲಿನವರ ಹೆಸರು?" ಪೆನ್ಸಿಲ್ ಚೀಟಿಯ ಮೇಲೆ ಸಿದ್ಧವಾಗಿತ್ತು.

"ಇನ್ನು ಒಂದು ನಿಮಿಷ ಇದೆ. ನಿನ್ನ ಫೈಲೆಲ್ಲ ಮಣ್ಣುಪಾಲು ಮಾಡ್ತೀನಿ, ನೋಡ್ತಿರು."

ಅತ್ತೆ ಪರದೆಯನ್ನು ನೋಡಿದರು. ಆ ಪಾಠಗಳು ಉಳಿಯುತ್ತವೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. "ಮಾಡ್ಕೋ ಹೋಗು," ಎಂದರು. "ಹೋದ್ರೆ ಮತ್ತೆ ಓದ್ತೀನಿ. ಗಂಟಲು ನಂದು." ಬಗ್ಗಿ, ಗೋಡೆಯ ಪ್ಲಗ್ಗನ್ನು ಎಳೆದು ಕಿತ್ತರು. ಸೈರನ್ ನಿಂತಿತು. ಆತ ಏನೋ ಹೊಲಸು ಬೈದು ಫೋನು ಕುಕ್ಕಿದ. ಅಲ್ಲಿಯವರೆಗೂ ಇವರು ಲೈನಿನಲ್ಲೇ ಇದ್ದರು.

ಕಾಲು ಗಂಟೆಯಾದ ಮೇಲೆ ನಾನು ಪ್ಲಗ್ ಹಾಕಿ ಕಂಪ್ಯೂಟರ್ ಆನ್ ಮಾಡಿದೆ. ಅತ್ತೆ ಪಾಠಗಳನ್ನು ಬೆರಳಿಟ್ಟು ಎಣಿಸಿದರು. ನಲವತ್ತೊಂದೂ ಇದ್ದವು. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಬರೀ ಬಾಯಿ ಬಡಾಯಿ," ಎಂದರು.

ಮಧ್ಯಾಹ್ನ ಊಟಕ್ಕೆ ಬಂದ ನನ್ನ ಗಂಡ ವಿಷಯ ತಿಳಿದು ತಟ್ಟೆಯ ಮುಂದೆಯೇ ಶುರುಮಾಡಿದ. "ನಾನು ಹೇಳಿದ್ನಲ್ಲಮ್ಮ. ಇವತ್ತೇ ಕನೆಕ್ಷನ್ ತೆಗೆಸ್ತೀನಿ."

"ಎಕ್ಸ್‌ಚೇಂಜಿಗೆ ದಿನಾ ಹತ್ತು ಜನ ಪೋಲಿಗಳು ಫೋನ್ ಮಾಡೋರು," ಎಂದರು ಅತ್ತೆ. "ಅಂತ ಎಕ್ಸ್‌ಚೇಂಜ್ ಮುಚ್ಚಿದ್ರೇನೋ? ತೆಗೆಸೋ ಮಾತು ಬಿಡು. ಪಾಠಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಟ್ಟು ಆಫೀಸಿಗೆ ಹೋಗು."

ಅವನು ನನ್ನ ಕಡೆ ನೋಡಿದ. ನಾನು ಸಾರು ಬಡಿಸಿದೆ. ಅವನು ಉಂಡೆದ್ದು, ಪಾಠಗಳನ್ನು ಹಾಕಿಕೊಟ್ಟು ಹೋದ.

ಮೂರು ಗಂಟೆಗೆ ಅತ್ತೆ ಕಂಬಳಿ ಕಟ್ಟಿ ಜೇನುಗೂಡಿನ ಪಾಠದ ಮುಂದೆ ಕೂತರು. ಎಂದಿನಂತೆ ಫೋನಿಗೆ ಕೈಚಾಚಿದೆ. "ಇರಲಿ, ಇಲ್ಲೇ ಇರಲಿ," ಎಂದರು. ನಾನು ಬಾಗಿಲ ಬಳಿ ನಿಂತೆ.

"ಮಕ್ಕಳೇ, ಗೂಡಿನ ಒಂದೊಂದು ಕೋಣೆಗೂ ಆರು ಗೋಡೆ. ಒಂದು ಕೋಣೆಯ ಗೋಡೆಯೇ ಪಕ್ಕದ ಕೋಣೆಗೂ ಗೋಡೆ. ನಿಮ್ಮ ಬೆರಳನ್ನು ಮೇಜಿನ ಮೇಲೆ ಎಳೆಯುತ್ತ ಬನ್ನಿ..."

ಫೋನು ಬಡಿದುಕೊಂಡಿತು. ಬೆಳಗಿನ ಅದೇ ನಂಬರು. ಒಂದು ರಿಂಗು, ಎರಡು. ಅವರ ಬಲಗೈ ತಾನಾಗಿ ಎದ್ದಿತು. ಎಡಗೈ ಅದನ್ನು ಹಿಡಿದು ಮಡಿಲಿಗೆ ತಂದಿಟ್ಟಿತು. ಮೂರನೆಯ ರಿಂಗು ದಾಟಿತು, ನಾಲ್ಕು, ಐದು. ರೆಕಾರ್ಡಿಂಗ್ ಓಡುತ್ತಲೇ ಇತ್ತು. ಅದು ಹಾಗೇ ಶಾಲೆಗೂ ಹೋಯಿತು. ಅಳಿಸಬೇಡ ಎಂದು ಅವರೇ ಹೇಳಿದರು. ಈಗಲೂ ನಲವತ್ತೆರಡನೆಯ ಪಾಠ ಹಾಕಿದರೆ ಆ ರಿಂಗು ಕೇಳುತ್ತದೆ, ಅದರ ಮೇಲೆ ನಮ್ಮತ್ತೆಯ ದನಿ:

"ಅದು ಕಳ್ಳರ ಫೋನು ಮಕ್ಕಳೇ. ಬಡ್ಕೊಳ್ಳಲಿ ಬಿಡಿ. ಎಲ್ಲಿದ್ವಿ ನಾವು? ಹಾಂ, ಗೋಡೆ ಹತ್ರ."