ಹೊರಗಿನ ಚಿಲಕ

ಜಮಖಂಡಿಯ ನಮ್ಮ ನಾಟಕಗೃಹ ಮೊದಲು ಅರಳೆ ತುಂಬಿಡುವ ಗೋದಾಮಾಗಿತ್ತು. ನನ್ನ ಮಾವನವರು ಹೊಸದಾಗಿ ಬಡಿಗತನ ಹಿಡಿದ ಕಾಲಕ್ಕೆ ಊರ ಪಂಚರು ಅದರಲ್ಲಿ ರಂಗ ಕಟ್ಟಿಸಿ, ಮೂಟೆ ಏರಿಸುತ್ತಿದ್ದ ಅಟ್ಟವನ್ನು ಹೆಂಗಸರಿಗೆಂದು ಬಿಟ್ಟರು. ಮುಂದೆ ಬಿದಿರಿನ ತಟ್ಟಿ, ಹಿಂದೆ ಕಿರಿದಾದ ಮೆಟ್ಟಿಲು, ಮೆಟ್ಟಿಲ ತುದಿಗೊಂದು ಬಾಗಿಲು. ನಾಟಕ ಶುರುವಾಗುವ ಮುಂಚೆ ಬಾಗಿಲು ಕಾಯುವವನು ಹೊರಗಿನಿಂದ ಚಿಲಕ ಹಾಕುತ್ತಿದ್ದ, ಮುಗಿದ ಮೇಲೆ ತೆಗೆಯುತ್ತಿದ್ದ. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ನಾಟಕ ನೋಡಬೇಕೆಂದರೆ ಅದೊಂದೇ ದಾರಿ. ಅರಳೆ ಮೂಟೆಗೂ ನಮಗೂ ಆ ಅಟ್ಟ ಭೇದ ಮಾಡಲಿಲ್ಲ. ಆ ಬಾಗಿಲು, ಚಿಲಕ ಎರಡನ್ನೂ ಕೂಡಿಸಿದವರು ಮಾವನವರೇ. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಅದನ್ನು ಹೆಮ್ಮೆಯಿಂದ ತೋರಿಸಿದ್ದರು.

ನಾಟಕಗೃಹಕ್ಕೆ ಬೆಂಕಿ ಬಿದ್ದ ದಿನ ನಾನು ಬಾಣಂತಿ, ಮನೆಯಲ್ಲೇ ಇದ್ದೆ. ಅತ್ತೆ ನನ್ನ ಜೊತೆ ಉಳಿದರು. ನಾದಿನಿ ಮಾತ್ರ ಅಪ್ಪನ ಜೊತೆ ಹೊರಟಳು. ನನ್ನ ಮುಖ ಸಣ್ಣಗಾದದ್ದನ್ನು ಕಂಡು, "ನೀವು ಮಲಗ್ರಿ ವೈನಿ. ಬಂದು ಎಲ್ಲಾ ಪಾತ್ರಾ ಮಾಡಿ ತೋರಸ್ತೇನಿ," ಎಂದು ನಕ್ಕಳು. ರಾಕ್ಷಸನ ನಡಿಗೆಯನ್ನು ಅವಳಂತೆ ನಡೆದು ತೋರಿಸುವವರು ಆಟಕ್ಕೆ ಬಂದ ನಾಟಕ ಕಂಪನಿಯಲ್ಲೂ ಇರಲಿಲ್ಲ.

ಗ್ಯಾಸ್‌ಬತ್ತಿಯಿಂದ ಪರದೆಗೆ ಹತ್ತಿದ ಬೆಂಕಿ ನೋಡನೋಡುತ್ತ ಸೂರಿಗೆ ಏರಿತಂತೆ. ಕೆಳಗಿದ್ದ ಗಂಡಸರೆಲ್ಲ ಬಾವಿಗೆ ಓಡಿದರು. ಬಾಗಿಲು ಕಾಯುವವನೂ ಕೊಡ ಹಿಡಿದು ಓಡಿದ. ಚಿಲಕವನ್ನು ಯಾರೋ ತೆಗೆದಿರುತ್ತಾರೆ ಎಂದು ಪ್ರತಿಯೊಬ್ಬರೂ ತಿಳಿದರು. ಮಾವನವರೂ ಹಾಗೇ ತಿಳಿದು ನೀರು ಹೊತ್ತರು.

ಅಟ್ಟದಲ್ಲಿದ್ದವರು ತಟ್ಟಿ ಕಿತ್ತು ಕೆಳಗೆ ಜಿಗಿದರು. ಕೈಕಾಲು ಮುರಿದವು, ಜೀವ ಉಳಿಯಿತು. ನಾದಿನಿಯ ಪಕ್ಕದಲ್ಲಿ ಕೂತಿದ್ದ ನೆರೆಮನೆಯಾಕೆ ಆಮೇಲೆ ಅತ್ತೆಯ ಮುಂದೆ ಕೂತು ಹೇಳಿದಳು: "ಜಿಗಿ ಬೇ ಅಂತ ಕೈ ಹಿಡದು ಎಳದೆ. ಬರಲಿಲ್ಲ. ನಮ್ಮಪ್ಪ ಕೆಳಗ ಅದಾನ, ಬಾಗಲಾ ತಗೀತಾನ ತಡಿ ಅಂದ್ಲು." ಅವಳು ಸಿಕ್ಕಿದ್ದು ಬಾಗಿಲ ಬುಡದಲ್ಲಿ. ಆ ಮಾತು ಕೇಳಿದ ಮೇಲೆ ಮಾವನವರು ಮನೆಯಲ್ಲಿ ಯಾರ ಮುಖವನ್ನೂ ನೋಡಿ ಮಾತಾಡಲಿಲ್ಲ.

ಒಂದೆರಡು ವರ್ಷ ಆ ಕರಿಗೋಡೆಗಳು ಹಾಗೇ ನಿಂತವು. ಆಮೇಲೆ ನಾಟಕವಿಲ್ಲದೆ ಊರಿಗೆ ಕಳೆ ಇಲ್ಲವೆಂದು ಪಂಚರು ಮತ್ತೆ ಕಟ್ಟಲು ನಿಂತರು. ರಬಕವಿಯ ನೇಕಾರರು ಪರದೆಗೆ ಬಟ್ಟೆ ಕೊಟ್ಟರು. ಮರದ ಕೆಲಸಕ್ಕೆ ಮಾವನವರನ್ನೇ ಕರೆದರು. ಅವರು ಒಲ್ಲೆ ಎನ್ನುತ್ತಾರೆಂದು ನಾನು ತಿಳಿದಿದ್ದೆ. ಆದರೆ ಅವರು ಉಳಿ, ಗರಗಸ ಎತ್ತಿಕೊಂಡು ಹೋದರು. ರಂಗ, ಕಂಬ, ಅಟ್ಟ ಎಲ್ಲವೂ ಮೊದಲಿನಂತೆಯೇ ಎದ್ದವು. ಅಟ್ಟಕ್ಕೆ ಹೊಸ ಬಾಗಿಲನ್ನೂ ಮಾಡಿದರು. ಚಿಲಕ ಮಾತ್ರ ಹಾಕಲಿಲ್ಲ.

ನಾನು ಬುತ್ತಿ ಒಯ್ದ ಹೊತ್ತಿಗೆ ಹಿರಿಯ ಪಂಚರೊಬ್ಬರು ಬಂದು ಬಾಗಿಲು ತಡವಿ ನೋಡುತ್ತಿದ್ದರು.

"ಚಿಲಕ ಎಲ್ಲೈತೋ?"

"ಒಳಗ ಹಾಕತೇನ್ರಿ," ಎಂದರು ಮಾವನವರು. "ಗಂಡಸ್ರು ಮ್ಯಾಲ ಬರಬಾರದು ಅಂದ್ರ, ಒಳಗ ಇದ್ರೂ ನಡೀತೈತಲ್ರಿ."

"ಒಳಗ ಇದ್ರ ಅವ್ರು ಯಾವಾಗ ಬೇಕಾದಾಗ ತಗೊಂಡು ಹೊರಗ ಹೋಗ್ತಾರ. ಹಂಗಾದ್ರ ಹೆಣಮಕ್ಕಳನ್ನ ಯಾವ ಮನ್ಯಾವ್ರು ಕಳಸ್ತಾರ?"

ಚಿಲಕ ಇರುವುದು ನಮ್ಮನ್ನು ಕಾಯಲಿಕ್ಕೆ ಎಂದು ನಾನು ಅಷ್ಟು ದಿನ ನಂಬಿದ್ದೆ. ಬುತ್ತಿ ಹಿಡಿದು ಅಲ್ಲೇ ನಿಂತೆ. ಮಾವನವರು ತಲೆ ತಗ್ಗಿಸಿದರು. ಸಂಜೆಯೊಳಗೆ ಹೊರಗೆ ಚಿಲಕ ಕೂತಿತ್ತು, ಅವರ ಕೈಯಿಂದಲೇ. ಊರಲ್ಲಿ ಇದ್ದು ಊರಿಗೆ ಎದುರಾಡುವ ಎದೆ ಅವರಿಗೆ ಇರಲಿಲ್ಲ. ನನಗೂ ಇರಲಿಲ್ಲವೆನ್ನಿ, ಬುತ್ತಿ ಇಟ್ಟು ಮನೆಗೆ ಬಂದೆ. ಬಂದವಳೇ ಅತ್ತೆಗೆ ಹೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಮೊದಲ ಆಟಕ್ಕೆ ಸಾವಳಗಿ, ಬೀಳಗಿಯಿಂದಲೂ ಚಕ್ಕಡಿಗಳು ಬಂದಿದ್ದವು. ಬೆಂಕಿಯ ನಂತರ ಮನೆಯ ಹೊಸ್ತಿಲು ದಾಟದಿದ್ದ ಅತ್ತೆ ಅಂದು ಸೀರೆ ಬದಲಿಸಿ, "ನಡಿ" ಎಂದರು. ಅಟ್ಟ ಹತ್ತಿದರು, ಆದರೆ ಒಳಗೆ ಹೋಗಲಿಲ್ಲ. ಬಾಗಿಲ ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ಕೂತುಬಿಟ್ಟರು.

ಬಾಗಿಲು ಕಾಯುವವನು ಕೈ ಮುಗಿದ. "ಒಳಗ ನಡೀರಿ ಅವ್ವಾರ, ಬಾಗಲಾ ಹಾಕಬೇಕು."

"ಹಾಕು. ನನ್ನ ಮ್ಯಾಲ ಹಾಕು."

ಪಂಚರಿಗೆ ಸುದ್ದಿ ಹೋಯಿತು. ಮಗಳು ಸತ್ತ ಜಾಗದಲ್ಲಿ ಕೂತ ತಾಯಿಯನ್ನು ಮುಟ್ಟಿ ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಕೊನೆಗೆ ಮಾವನವರನ್ನು ಕಳಿಸಿದರು. ಅವರು ಅರ್ಧ ಮೆಟ್ಟಿಲು ಹತ್ತಿ ನಿಂತು ಹೆಂಡತಿಯ ಮುಖ ನೋಡಿದರು. ಕೆಳಗೆ ತಿರುಗಿ, "ನಾಟಕ ಚಾಲೂ ಮಾಡ್ರಿ," ಎಂದು ಕೂಗಿದರು.

ಆಮೇಲೆ ಅತ್ತೆ ಒಂದು ಆಟವನ್ನೂ ತಪ್ಪಿಸಲಿಲ್ಲ. ಆ ಹೊಸ್ತಿಲಿನಿಂದ ರಂಗ ಕಾಣುವುದಿಲ್ಲ, ಗೋಡೆ ಅಡ್ಡ. ಹೀಗಾಗಿ ಅವರು ಒಂದು ನಾಟಕವನ್ನೂ ನೋಡಲಿಲ್ಲ.

ನಮ್ಮ ಜಮಖಂಡಿ ಸಂಸ್ಥಾನ ಭಾರತದಲ್ಲಿ ವಿಲೀನವಾದ ವರ್ಷ ಅವರು ಹಾಸಿಗೆ ಹಿಡಿದರು. ಚಿಲಕ ಇನ್ನೂ ಅಲ್ಲೇ ಇತ್ತು. ಆ ಸಲದ ಆಟಕ್ಕೆ ಹೊಸ್ತಿಲ ಮೇಲೆ ನಾನು ಕೂತೆ. ಮನೆಗೆ ಬಂದಾಗ ಅತ್ತೆ ಎಚ್ಚರವಾಗಿಯೇ ಇದ್ದರು. ನಾಟಕ ಯಾವುದೆಂದು ಕೇಳಲಿಲ್ಲ.

"ಬಾಗಲಾ?" ಎಂದರು.

"ತೆರದೇ ಇತ್ತರಿ," ಎಂದೆ.