ಹಬ್ಬದ ಹಿಟ್ಟು ನಾದುವ ಅತ್ತೆ

ಈಜಿಪ್ಟಿನ ಟಂಟಾ ಊರಿನ ನಮ್ಮ ಓಣಿಗೆ ರಂಜಾನ್ ಹಬ್ಬ ಬರುವುದು ಚಂದ್ರ ಕಂಡಾಗಲ್ಲ, ಫಹೀಮಾ ಅತ್ತೆ ತೋಳು ಮಡಚಿದಾಗ. ಮೂರು ದಿನ ಮೊದಲೇ ಅವಳು ಮನೆಯ ಹನ್ನೊಂದು ಮಕ್ಕಳನ್ನೂ ಕೋಳಿಮರಿಗಳಂತೆ ಒಟ್ಟುಗೂಡಿಸಿ, ಕೈ ತೊಳೆಸಿ, ಕಹಕ್ ಬಿಸ್ಕತ್ತು ಮಾಡಲು ಕೂರಿಸುತ್ತಾಳೆ. "ಮೂಗಲ್ಲಿಟ್ಟ ಬೆರಳು ಹಿಟ್ಟಿಗೆ ಬಿತ್ತೋ, ಆ ಬೆರಳನ್ನೇ ಸುಟ್ಟು ಬಿಸ್ಕತ್ತು ಮಾಡ್ತೀನಿ!" ಎಂದು ಗದರುತ್ತಲೇ ಖರ್ಜೂರದ ಹೂರಣ ಬಾಯಿಗಿಡುತ್ತಾಳೆ. ಅವಳು ಹಿಟ್ಟು ನಾದಿದರೆ ಕೆಳಗಿನ ಮನೆಯ ದೀಪ ತೂಗಾಡುತ್ತದೆ; ತುಪ್ಪದ ಘಮಕ್ಕೆ ಪಕ್ಕದೂರಿನ ಬೆಕ್ಕುಗಳೂ ಬಂದು ಸಾಲು ನಿಲ್ಲುತ್ತವೆ. ಪುಟ್ಟ ಚಿಮಟದಿಂದ ಹಿಟ್ಟು ಚಿವುಟಿ ಅವಳು ಚಿತ್ತಾರ ತೆಗೆದ ಬಿಸ್ಕತ್ತಿಗೆ ಊರಲ್ಲೇ ಸಾಟಿಯಿಲ್ಲ. ಹಾಗೆಂದು ದಿನಕ್ಕೆ ಹತ್ತು ಸಲ ಅವಳೇ ಹೇಳುತ್ತಾಳೆ. ಬೇಯಿಸಲು ತಟ್ಟೆಗಳನ್ನು ಬೀದಿಯ ಬೇಕರಿಗೆ ಹೊತ್ತೊಯ್ದರೆ ಅಲ್ಲಿ ಯಾರ ಬಿಸ್ಕತ್ತು ಹೇಗಿದೆ ಎಂದು ತೂಗುವ ಹೆಂಗಸರದೇ ನ್ಯಾಯಾಲಯ. ಈ ಸಲ ಎದುರುಮನೆಯ ರತೀಬಾ, ನಮ್ಮ ಮನೆಯ ಐದು ವರ್ಷದ ಹನಾನ್ ಮಾಡಿದ ತಟ್ಟೆಗೆ ಬಗ್ಗಿ, "ಇದ್ಯಾರದ್ರೇ, ಕತ್ತೆ ತುಳಿದಂಗಿದೆ?" ಎಂದು ನಕ್ಕಳು. ಹನಾನ್ ಅತ್ತೆಯ ಬೆನ್ನ ಹಿಂದೆ ಸರಿದಳು. ಅತ್ತೆ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು. "ನಂದೇ ಕಣೇ ರತೀಬಾ. ವಯಸ್ಸಾಯ್ತು, ಚಿಮಟ ಹಿಡಿಯೋಕಾಗಲ್ಲ. ಚಂದದ್ದು ನೋಡಬೇಕಾ?" ಎಂದು ತನ್ನದೇ ತಟ್ಟೆಯತ್ತ ಬೆರಳು ತೋರಿಸಿದಳು. "ಅಗೋ, ಆ ತಟ್ಟೆ ನಮ್ಮ ಹನಾನಂದು."